ತಲೆಯ ಕಾಂಟ್ರಾಸ್ಟ್ ಎಂಆರ್‌ಐ: ಪೊರೆ ದಪ್ಪಗಟ್ಟುವ ಕಾಯಿಲೆಗೆ ಈ ಸೇವೆ ಎಷ್ಟು ಬಾಳುತ್ತದೆ?

ಬಿಲ್ಲಿನಲ್ಲಿ ಇರುವುದು ಒಂದೇ ಸಾಲು: ‘ಎಂಆರ್‌ಐ ಬ್ರೈನ್, ಪ್ಲೇನ್ ಆ್ಯಂಡ್ ಕಾಂಟ್ರಾಸ್ಟ್’. ಕೊನೆಯ ಪದಕ್ಕೆ, ಅಂದರೆ ಚಿತ್ರ ಎದ್ದು ಕಾಣುವಂತೆ ನಾಳಕ್ಕೆ ಔಷಧ ಚುಚ್ಚುವುದಕ್ಕೆ, ದುಡ್ಡು ಬೇರೆ ಎಂದು ಕೌಂಟರಿನವರು ಹೇಳಿದ ಕೂಡಲೇ ‘ಅದು ಬೇಡ ಬಿಡಿ, ಪ್ಲೇನ್ ಸಾಕು’ ಎನ್ನುವವರು ಬಹಳ ಮಂದಿ. ಸೊಂಟನೋವಿಗೆ, ಪಾರ್ಶ್ವವಾಯುವಿಗೆ ಆ ಲೆಕ್ಕ ನಡೆಯಬಹುದು. ಹೈಪರ್‌ಟ್ರೋಫಿಕ್ ಪ್ಯಾಕಿಮೆನಿಂಜೈಟಿಸ್, ಅಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿದ ಹೊರಪೊರೆ ಉರಿಯೂತದಿಂದ ದಪ್ಪಗಟ್ಟುವ ಕಾಯಿಲೆಯ ಅನುಮಾನವಿದ್ದರೆ ಆ ಕೊನೆಯ ಪದವೇ ಇಡೀ ಪರೀಕ್ಷೆ. ಅದನ್ನು ಬಿಟ್ಟು ಉಳಿದದ್ದಕ್ಕೆ ಕೊಟ್ಟ ದುಡ್ಡು ಹೆಚ್ಚುಕಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇಲ್ಲಿ ಅಳೆಯುತ್ತಿರುವುದು ಯಾವುದೋ ಒಂದು ಸೆಂಟರನ್ನಲ್ಲ, ಊರೂರಿನ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಸಿಗುವ ಈ ಸೇವೆಯನ್ನು. ಅದೂ ಒಂದೇ ಬಗೆಯ ರೋಗಿಯ ಕಣ್ಣಿನಿಂದ: ವಾರಗಟ್ಟಲೆ ಬಿಡದ ತಲೆನೋವು, ಅದರ ಜೊತೆಗೆ ಒಂದೊಂದಾಗಿ ಸೇರಿಕೊಳ್ಳುವ ಎರಡೆರಡು ಕಾಣುವಿಕೆ, ಮಂಜಾಗುವ ಕಣ್ಣು, ಒಂದು ಕಿವಿಯ ಮಂದತೆ, ಮುಖದ ಒಂದು ಪಕ್ಕದ ಜೋಮು.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ ಮೆನಿಂಜೈಟಿಸ್ ಎಂದರೆ ‘ಮೆದುಳು ಜ್ವರ’. ಎನ್‌ಸೆಫಲೈಟಿಸ್ ಎಂದರೂ ಅದೇ ಹೆಸರು. ಮಿದುಳಿಗೆ ಮೂರು ಪೊರೆ. ಜ್ವರ, ವಾಂತಿ, ಸೆಟೆದ ಕುತ್ತಿಗೆಯ ಜೊತೆ ಬರುವ ಮೆನಿಂಜೈಟಿಸ್ ಒಳಗಿನ ಎರಡು ತೆಳು ಪೊರೆಗಳದ್ದು. ಪ್ಯಾಕಿಮೆನಿಂಜೈಟಿಸ್ ತಲೆಬುರುಡೆಗೆ ಅಂಟಿಕೊಂಡಿರುವ ಗಟ್ಟಿ ಹೊರಪೊರೆಯದ್ದು, ಅದರ ಹೆಸರು ಡ್ಯೂರಾ. ಇದರಲ್ಲಿ ಎಷ್ಟೋ ಸಲ ಜ್ವರವೇ ಇರುವುದಿಲ್ಲ. ಡ್ಯೂರಾ ಬುರುಡೆಯ ಒಳಗೋಡೆಗೆ ಮಾತ್ರ ಹಾಸಿಕೊಂಡಿಲ್ಲ. ಮಿದುಳಿನ ಎರಡು ಹೋಳುಗಳ ನಡುವೆ ಪರದೆಯಾಗಿ ಇಳಿಯುತ್ತದೆ (ಫಾಲ್ಕ್ಸ್), ಹಿಂಭಾಗದ ಕಿರುಮಿದುಳಿನ ಮೇಲೆ ಚಪ್ಪರದಂತೆ ಹರಡುತ್ತದೆ (ಟೆಂಟೋರಿಯಂ). ಕಣ್ಣು, ಕಿವಿ, ಮುಖ, ಗಂಟಲಿಗೆ ಹೋಗುವ ನರಗಳೆಲ್ಲ ಬುರುಡೆಯ ತಳದಲ್ಲಿ ಈ ಪೊರೆಯನ್ನು ತೂರಿಕೊಂಡೇ ಹೊರಗೆ ಬರಬೇಕು. ಪೊರೆ ಉಬ್ಬಿದರೆ ತೂತು ಕಿರಿದಾಗಿ ನರ ನಲುಗುತ್ತದೆ. ತಲೆನೋವಿನ ಹಿಂದೆಯೇ ಕಣ್ಣು, ಕಿವಿಯ ತೊಂದರೆ ಬರುವುದು ಇದರಿಂದ.

ಕಾಯಿಲೆ ಅಪರೂಪದ್ದು. ಜಪಾನಿನಲ್ಲಿ ದೇಶಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಸಿಕ್ಕ ಲೆಕ್ಕ ಲಕ್ಷ ಜನಕ್ಕೆ ಸುಮಾರು ಒಬ್ಬರು. 1869ರಲ್ಲಿ ಫ್ರಾನ್ಸಿನ ಶಾರ್ಕೋ ಮತ್ತು ಜೋಫ್ರ್ವಾ ಕುತ್ತಿಗೆಯ ಭಾಗದ ಬೆನ್ನುಹುರಿಯ ಪೊರೆ ದಪ್ಪವಾದದ್ದನ್ನು ವರ್ಣಿಸಿದ ಕಾಲಕ್ಕೆ ಪೊರೆ ಕಣ್ಣಿಗೆ ಬೀಳುತ್ತಿದ್ದದ್ದು ಶವಪರೀಕ್ಷೆಯಲ್ಲಿ. ಬದುಕಿರುವವರಲ್ಲಿ ಅದನ್ನು ಸಲೀಸಾಗಿ ನೋಡುವಂತಾದದ್ದು ಗ್ಯಾಡೋಲಿನಿಯಂ ಎಂಬ ಲೋಹದ ಕಾಂಟ್ರಾಸ್ಟ್ ಔಷಧ ಬಂದ ಮೇಲೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ.

ಪ್ಲೇನ್ ಸ್ಕ್ಯಾನ್ ಯಾಕೆ ಸೋಲುತ್ತದೆ ಎನ್ನುವುದು ಸರಳ. ಹಳೆಯ ಉರಿಯೂತದ ಪೊರೆಯಲ್ಲಿ ನಾರು ಹೆಚ್ಚು, ನೀರು ಕಡಿಮೆ. ಹಾಗಾಗಿ ನೀರು ಬೆಳ್ಳಗೆ ಕಾಣುವ ಟಿ2 ಬಗೆಯ ಚಿತ್ರದಲ್ಲಿ ಅದು ಕಪ್ಪು. ಪಕ್ಕದ ಬುರುಡೆಯ ಎಲುಬೂ ಕಪ್ಪು. ಅಮಾವಾಸ್ಯೆ ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯಂತೆ, ಇದ್ದರೂ ಕಾಣುವುದಿಲ್ಲ. ಅನುಭವಿ ರೇಡಿಯಾಲಜಿಸ್ಟ್ ಆದರೆ ಟೆಂಟೋರಿಯಂ ಜಾಗದಲ್ಲಿ ಕಪ್ಪು ಗೆರೆ ಎಂದಿಗಿಂತ ದಪ್ಪ ಇದೆಯಲ್ಲ ಎಂದು ಹಿಡಿದಾರು, ಆದರೆ ಅದನ್ನು ನೆಚ್ಚಿಕೊಳ್ಳಬಾರದು. ಗ್ಯಾಡೋಲಿನಿಯಂ ಕೊಟ್ಟರೆ ಕಥೆ ಬೇರೆ. ಮಿದುಳಿನ ರಕ್ತನಾಳಗಳಿಗೆ ಇರುವ ಕಾವಲು ಡ್ಯೂರಾದ ನಾಳಗಳಿಗೆ ಇಲ್ಲ. ಔಷಧ ಪೊರೆಯೊಳಗೆ ಸೋರಿ ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆರೋಗ್ಯವಂತರ ಪೊರೆಯೂ ಕೊಂಚ ಹೊಳೆಯುತ್ತದೆ ಎನ್ನುವುದು ನೆನಪಿರಲಿ. ಆದರೆ ಅದು ತೆಳುವಾದ, ಅಲ್ಲಲ್ಲಿ ಕಡಿದುಹೋದ ಗೆರೆ. ಕಾಯಿಲೆಯ ಪೊರೆ ಕಡಿಯದೆ ಸಾಗುವ ದಪ್ಪ ಪಟ್ಟಿ.

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವವರಿಗೆ ಒಂದು ಗುರುತು ಹೇಳಬಹುದು. ಕೊರೋನಲ್ ಚಿತ್ರ, ಅಂದರೆ ಮುಖಕ್ಕೆ ಎದುರಾಗಿ ನಿಂತು ತಲೆಯನ್ನು ಕೊಯ್ದಂತೆ ಕಾಣುವುದು, ಹುಡುಕಿ. ಹಿಂದಿನ ಭಾಗದಲ್ಲಿ ಮೇಲಿನಿಂದ ಇಳಿದ ಫಾಲ್ಕ್ಸ್ ಪರದೆ ಕೆಳಗೆ ಎರಡಾಗಿ ಒಡೆದು ಟೆಂಟೋರಿಯಂನ ಎರಡು ರೆಕ್ಕೆಗಳಾಗುತ್ತದೆ. ಪೊರೆಯ ನಡುಭಾಗ ನಾರುಗಟ್ಟಿ ಕಪ್ಪಾಗಿ ಉಳಿದು ಎರಡೂ ಅಂಚಿನಲ್ಲಿ ಉರಿಯೂತ ಜೀವಂತ ಇದ್ದರೆ, ಕಪ್ಪು ಸೀರೆಗೆ ಎರಡು ಕಡೆ ಜರಿ ಅಂಚು ಹಾಕಿದ ಹಾಗೆ ಕಾಣುತ್ತದೆ. ವೈದ್ಯರು ಇದನ್ನು ‘ರಾತ್ರಿಯ ಐಫೆಲ್ ಗೋಪುರ’ ಎನ್ನುತ್ತಾರೆ, ದೀಪ ಹಚ್ಚಿದ ಗೋಪುರದ ಬಾಹ್ಯರೇಖೆಯಂತೆ ಇದೆಯೆಂದು. ಜರಿ ಅಂಚೇ ವಾಸಿ ಎನಿಸುತ್ತದೆ, ಯಾಕೆಂದರೆ ಅಂಚು ಅಗಲವಾಗಿದ್ದಷ್ಟೂ ಮದ್ದಿಗೆ ಬಗ್ಗುವ ಭಾಗ ಜಾಸ್ತಿ. ನಡುವಿನ ಕಪ್ಪು ಜಾಸ್ತಿ ಇದ್ದರೆ ಕಾಯಿಲೆ ಹಳತು.

ಇನ್ನು ಬುಕಿಂಗಿನ ವಿಷಯ. ಯಾವಾಗ ಮಾಡಿಸುತ್ತೀರಿ ಎನ್ನುವುದು ಎಲ್ಲಿ ಮಾಡಿಸುತ್ತೀರಿ ಎನ್ನುವುದಕ್ಕಿಂತ ದೊಡ್ಡದು. ಬೆನ್ನಿನ ನೀರು ತೆಗೆಯುವ ಮೊದಲೇ ಸ್ಕ್ಯಾನ್ ಆಗಬೇಕು. ನೀರು ತೆಗೆದ ಮೇಲೆ ಒಳಗಿನ ಒತ್ತಡ ಇಳಿದರೆ ಪೊರೆ ತಾನಾಗಿಯೇ ರಕ್ತ ತುಂಬಿಕೊಂಡು ಹೊಳೆಯಬಹುದು; ಆಮೇಲೆ ಅದು ಕಾಯಿಲೆಯೋ ಸೂಜಿಯ ಫಲವೋ ಎಂದು ತಲೆ ಕೆಡಿಸಿಕೊಳ್ಳಬೇಕು. ಸ್ಟೀರಾಯ್ಡ್ ಶುರುವಾಗುವ ಮೊದಲೂ ಸ್ಕ್ಯಾನ್ ಆಗಬೇಕು. ತಡೆಯಲಾರದ ತಲೆನೋವಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ‘ಡೆಕ್ಸಾ’ (ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್) ಚುಚ್ಚಿಸಿಕೊಂಡು ಬರುವುದು ನಮ್ಮಲ್ಲಿ ಮಾಮೂಲು. ಅದರಿಂದ ಪೊರೆ ಅರೆಬರೆ ಇಳಿದು ಚಿತ್ರ ಮಸುಕಾಗುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರ್ ಆಗಿದ್ದರೆ ಬಯಾಪ್ಸಿಯ (ತುಂಡು ತೆಗೆದು ನೋಡುವ ಪರೀಕ್ಷೆಯ) ಉತ್ತರವೇ ಅಳಿಸಿಹೋಗಬಹುದು. ಚುಚ್ಚಿಸಿಕೊಂಡಿದ್ದರೆ ಎಷ್ಟು, ಯಾವ ದಿನ ಎಂದು ಫಾರ್ಮಿನಲ್ಲಿ ಬರೆಸಿ.

ಆ ಫಾರ್ಮಿನ ಮಾತು ಬಂತು. ‘ಹೆಡೇಕ್’ ಎಂಬ ಒಂದೇ ಪದ ಹೊತ್ತು ಬರುವ ಫಾರ್ಮಿಗೆ ಮಾಮೂಲು ತಲೆಯ ಪಟ್ಟಿಯೇ ಓಡುತ್ತದೆ: 5 ಮಿ.ಮೀ. ದಪ್ಪದ ಹೋಳುಗಳು, ಔಷಧ ಕೊಟ್ಟ ಮೇಲೆ ಅಡ್ಡ ಹೋಳು ಒಂದೇ ದಿಕ್ಕಿನಲ್ಲಿ, ಮುಗೀತು. ಇದೇ ಈ ಸೇವೆಯ ದೊಡ್ಡ ಕೊರತೆ. ಟೆಂಟೋರಿಯಂ ಅಡ್ಡ ಹೋಳಿಗೆ ಹೆಚ್ಚುಕಡಿಮೆ ಓರೆಯಾಗಿ ಮಲಗಿರುವುದರಿಂದ ಆ ದಿಕ್ಕಿನಲ್ಲಿ ಅದರ ದಪ್ಪ ತಿಳಿಯುವುದಿಲ್ಲ, ಕೊರೋನಲ್ ಬೇಕೇ ಬೇಕು. ಬುರುಡೆಯ ತಳ ಮತ್ತು ಕಣ್ಣಿನ ಗೂಡಿಗೆ 3 ಮಿ.ಮೀ. ಹೋಳು, ಅದರ ಜೊತೆ ಕೊಬ್ಬಿನ ಹೊಳಪನ್ನು ಅಡಗಿಸುವ ಫ್ಯಾಟ್ ಸ್ಯಾಚುರೇಶನ್ ಬೇಕು. ಇಲ್ಲದಿದ್ದರೆ ಕಣ್ಣಿನ ಹಿಂದಿನ ಕೊಬ್ಬು ತಾನೇ ಬೆಳ್ಳಗೆ ಹೊಳೆದು ಪೊರೆಯ ಹೊಳಪನ್ನು ನುಂಗಿಹಾಕುತ್ತದೆ. ರಕ್ತನಾಳದ ಎಂಆರ್‌ವಿ ಸೇರಿಸಿಕೊಳ್ಳಬೇಕು, ಯಾಕೆಂದರೆ ಮಿದುಳಿನ ದೊಡ್ಡ ಅಶುದ್ಧರಕ್ತನಾಳಗಳು ಓಡುವುದು ಡ್ಯೂರಾದ ಪದರಗಳ ನಡುವೆಯೇ. ಪೊರೆ ಊದಿದರೆ ಅವು ಕಿರಿದಾಗಿ ರಕ್ತ ಹೆಪ್ಪುಗಟ್ಟಬಹುದು.

ಟೆಕ್ನಿಷಿಯನ್‌ಗಳ ಕಿವಿಗೆ ಹಾಕಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಔಷಧ ಕೊಟ್ಟ ಮೇಲೆ 1 ಮಿ.ಮೀ. ತ್ರೀಡಿ ತೆಗೆದಿದ್ದೇವೆ ಎಂದು ಹೆಮ್ಮೆಯಿಂದ ಹೇಳುವ ಕಡೆ ಅದು ಯಾವ ಬಗೆಯದು ಎಂದು ಕೇಳಿ. ಗ್ರೇಡಿಯಂಟ್ ಎಕೋ ಬಗೆಯಲ್ಲಿ ಮಿದುಳಿನ ಮೇಲ್ಮೈಯ ರಕ್ತನಾಳಗಳೂ ಬೆಳ್ಳಗೆ ಹೊಳೆದು ಪೊರೆಯ ಜೊತೆ ಕಲೆತುಹೋಗುತ್ತವೆ. ಸ್ಪಿನ್ ಎಕೋ ಬಗೆಯಲ್ಲಿ ಹರಿಯುವ ರಕ್ತ ಕಪ್ಪಾಗಿ, ಪೊರೆಯಷ್ಟೇ ಎದ್ದು ಕಾಣುತ್ತದೆ. ಎರಡರಲ್ಲಿ ಒಂದಕ್ಕಷ್ಟೇ ಸಮಯ ಇದ್ದರೆ ಈ ಕಾಯಿಲೆಗೆ ಎರಡನೆಯದೇ ಸರಿ. ಆಯಸ್ಕಾಂತದ ಬಲ 1.5 ಟೆಸ್ಲಾ ಇರುವ ಯಂತ್ರ ಸಾಕು. 3 ಟೆಸ್ಲಾ ಇದೆ ಎಂದು ಹೆಚ್ಚು ದುಡ್ಡು ಕೊಟ್ಟು ಒಂದೇ ದಿಕ್ಕಿನ ದಪ್ಪ ಹೋಳು ತೆಗೆಸಿಕೊಳ್ಳುವುದಕ್ಕಿಂತ, 1.5ರಲ್ಲಿ ಮೂರು ದಿಕ್ಕಿನ ತೆಳು ಹೋಳು ತೆಗೆಸುವುದು ಮೇಲು.

ಕೈ ಜೋಮು ಹಿಡಿಯುತ್ತಿದ್ದರೆ, ಕಾಲು ಭಾರ ಎನಿಸಿದರೆ, ಕುತ್ತಿಗೆ ಅಥವಾ ಬೆನ್ನಿನ ನೋವು ಪಟ್ಟಿ ಕಟ್ಟಿದಂತೆ ಎದೆಗೆ ಸುತ್ತುತ್ತಿದ್ದರೆ ಬೆನ್ನುಹುರಿಯನ್ನೂ ಕಾಂಟ್ರಾಸ್ಟಿನಲ್ಲೇ ನೋಡಬೇಕು. ‘ಹೋಲ್ ಸ್ಪೈನ್ ಸ್ಕ್ರೀನಿಂಗ್’ ಎಂದು ತಲೆಯ ಜೊತೆ ಸೇರಿಸಿ ಕೊಡುವುದು ಬಹಳ ಕಡೆ ಇದೆ. ಒಳ್ಳೆಯದೇ, ಆದರೆ ಅದು ಪ್ಲೇನ್. ಹುರಿ ಎಲ್ಲಿ ಒತ್ತಿದೆ ಎಂದು ತೋರಿಸುತ್ತದೆ, ಪೊರೆ ಉರಿಯುತ್ತಿದೆಯೇ ಎಂದು ತೋರಿಸುವುದಿಲ್ಲ. ತಲೆಗೂ ಬೆನ್ನಿಗೂ ಒಂದೇ ಹೊತ್ತಿನಲ್ಲಿ ತೆಗೆದರೆ ಚುಚ್ಚುವ ಔಷಧ ಒಂದೇ ಡೋಸು; ಬಿಲ್ಲಿನಲ್ಲಿ ಕಾಂಟ್ರಾಸ್ಟ್ ಎರಡು ಸಲ ಕಂಡರೆ ಕೇಳಿ.

ಔಷಧದ ಲೆಕ್ಕ ತೂಕದ ಮೇಲೆ. ಕಿಲೋಗೆ 0.1 ಮಿಲಿಮೋಲ್. ಸಾಮಾನ್ಯ ಸಾಂದ್ರತೆಯ ಔಷಧವಾದರೆ ಕಿಲೋಗೆ 0.2 ಎಂಎಲ್, ಅಂದರೆ 60 ಕಿಲೋ ತೂಗುವವರಿಗೆ 12 ಎಂಎಲ್, 80 ಕಿಲೋದವರಿಗೆ 16. ಗ್ಯಾಡೋಬ್ಯೂಟ್ರಾಲ್ ಎರಡರಷ್ಟು ಗಟ್ಟಿ, ಹಾಗಾಗಿ ಅದರಲ್ಲಿ ಅರ್ಧ ಸಾಕು, 60 ಕಿಲೋಗೆ 6 ಎಂಎಲ್. ದಪ್ಪವಿರಲಿ ಸಣ್ಣವಿರಲಿ ಎಲ್ಲರಿಗೂ 10 ಎಂಎಲ್ ಬಾಟಲಿ ಒಂದು ಎನ್ನುವ ರೂಢಿ ಕಂಡರೆ, ತೂಕ ನೋಡಿದಿರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮುಂಗೈಯ ನಾಳಕ್ಕೆ 20 ಅಥವಾ 22 ಗೇಜಿನ ಕ್ಯಾನುಲಾ ಹಾಕಿ, ಔಷಧದ ಹಿಂದೆ ಸಲೈನ್ ತಳ್ಳುತ್ತಾರೆ. ತೋಳಿನಲ್ಲಿ ತಣ್ಣಗೆ ಏರಿದ ಅನುಭವ, ಬಾಯಲ್ಲಿ ಲೋಹದ ರುಚಿ ಕ್ಷಣ ಹೊತ್ತು ಬರಬಹುದು. ಚುಚ್ಚಿದ ಜಾಗ ಉಬ್ಬಿ ಉರಿಯತೊಡಗಿದರೆ ನಾಳದಿಂದ ಔಷಧ ಹೊರಗೆ ಸೋರುತ್ತಿದೆ ಎಂದರ್ಥ. ಸುಮ್ಮನೆ ಸಹಿಸದೆ ಕೈಯಲ್ಲಿ ಕೊಟ್ಟಿರುವ ರಬ್ಬರ್ ಬಲ್ಬನ್ನು ಒತ್ತಿ. ಔಷಧ ಕೊಟ್ಟ ಕೂಡಲೇ ಚಿತ್ರ ತೆಗೆಯುವುದಕ್ಕಿಂತ ನಾಲ್ಕೈದು ನಿಮಿಷ ಬಿಟ್ಟು ತೆಗೆದರೆ ಪೊರೆಗೆ ಅದು ಇಳಿಯಲು ಸಮಯ ಸಿಗುತ್ತದೆ. ಆ ನಡುವೆ ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರ ಓಡಿಸಿದರೆ ಸಮಯವೂ ಹಾಳಾಗದು, ಒಳಪೊರೆಗೂ ಹಬ್ಬಿದೆಯೇ ಎಂಬುದೂ ತಿಳಿಯುತ್ತದೆ.

ಹೋಗುವ ಮೊದಲು ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ಲೆಕ್ಕ) 30ಕ್ಕಿಂತ ಕೆಳಗಿದ್ದರೆ ಕೆಲವು ಬಗೆಯ ಗ್ಯಾಡೋಲಿನಿಯಂ ಔಷಧಗಳು ಚರ್ಮ, ಕೀಲುಗಳನ್ನು ಗಡುಸಾಗಿಸುವ ಎನ್‌ಎಸ್‌ಎಫ್ ಎಂಬ ಕಾಯಿಲೆ ತರಬಹುದು ಎಂಬುದು 2006ರಲ್ಲಿ ಹೊರಬಿತ್ತು. ಆ ಭಯ ಬಹುಮಟ್ಟಿಗೆ ‘ಲೀನಿಯರ್’ ಜಾತಿಯ ಔಷಧಗಳದ್ದು. ಗ್ಯಾಡೋಟೆರೇಟ್, ಗ್ಯಾಡೋಬ್ಯೂಟ್ರಾಲ್, ಗ್ಯಾಡೋಟೆರಿಡಾಲ್ ‘ಮ್ಯಾಕ್ರೋಸೈಕ್ಲಿಕ್’ ಜಾತಿಯವು, ಲೋಹವನ್ನು ಪಂಜರದೊಳಗೆ ಬಿಗಿಯಾಗಿ ಹಿಡಿದಿರುತ್ತವೆ. ಯುರೋಪಿನ ಔಷಧ ನಿಯಂತ್ರಕರು 2017ರಲ್ಲಿ ನಾಳಕ್ಕೆ ಕೊಡುವ ಹಲವು ಲೀನಿಯರ್ ಔಷಧಗಳನ್ನು ನಿಲ್ಲಿಸಿದರು. ಈ ಕಾಯಿಲೆಯಲ್ಲಿ ಸ್ಕ್ಯಾನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ, ವರ್ಷಗಟ್ಟಲೆ ಮತ್ತೆ ಮತ್ತೆ ಬರಬೇಕು. ಅದಕ್ಕೇ ಬಾಟಲಿಯ ಮೇಲಿನ ಹೆಸರು ಓದಿ ಬರೆದಿಟ್ಟುಕೊಳ್ಳುವುದು ಅತಿಯೇನಲ್ಲ. ಗರ್ಭಿಣಿಯರಾದರೆ ಮೊದಲೇ ಹೇಳಬೇಕು. ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಸಿಟಿಯ ಅಯೋಡಿನ್ ಔಷಧಕ್ಕೆ ಮೈ ಕಡಿದದ್ದು ಇದ್ದರೆ ಹೇಳಿ, ಆದರೆ ಇದು ಬೇರೆಯೇ ವಸ್ತು.

ಮೈಮೇಲಿನ ಲೋಹ. ಸೇಫ್ಟಿ ಪಿನ್, ಹೇರ್‌ಪಿನ್, ಉಡಿದಾರ, ತಾಯತ, ಕಾಲುಂಗುರ, ಮೂಗುಬೊಟ್ಟು ಎಲ್ಲ ಹೊರಗೆ. ಜರಿ ಸೀರೆ, ಜರಿಪಂಚೆಯಲ್ಲಿ ಇರುವುದೂ ಲೋಹದ ಎಳೆಯೇ. ಯಂತ್ರದೊಳಗೆ ಅದು ಬಿಸಿಯಾಗಬಹುದು, ಹತ್ತಿಯ ಗೌನ್ ಉಟ್ಟೇ ಮಲಗಿ. ತಾಳಿ ತೆಗೆಯಲು ಮನಸ್ಸು ಒಪ್ಪದವರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಒಳಗೆ ಹೋಗಬಹುದು, ಯಂತ್ರಕ್ಕೆ ಅದರ ಗೊಡವೆಯಿಲ್ಲ. ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ತಲೆಯೊಳಗಿನ ಹಳೆಯ ಕ್ಲಿಪ್ ಇದ್ದರೆ ಅದರ ಕಾರ್ಡ್ ತೋರಿಸದೆ ಬಾಗಿಲು ದಾಟಬೇಡಿ. ಒಳಗೆ ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು. ಔಷಧ ಕೊಟ್ಟ ಮೇಲಿನ ಹದಿನೈದು ನಿಮಿಷವೇ ಈ ಪರೀಕ್ಷೆಯ ಪ್ರಾಣ. ಸಹನೆ ಮುಗಿದು ತಲೆ ಅಲುಗುವುದೂ ಆಗಲೇ. ಕೆಮ್ಮು, ಮೂತ್ರದ ಅವಸರ ಇದ್ದರೆ ಔಷಧಕ್ಕೆ ಮೊದಲೇ ಮುಗಿಸಿಕೊಳ್ಳಿ.

ರಿಪೋರ್ಟು ನಮ್ಮ ಸೆಂಟರುಗಳಲ್ಲಿ ಎರಡು ತೆರ. ಒಂದರಲ್ಲಿ ‘ಡಿಫ್ಯೂಸ್ ಪ್ಯಾಕಿಮೆನಿಂಜಿಯಲ್ ಎನ್‌ಹ್ಯಾನ್ಸ್‌ಮೆಂಟ್’ (ಹೊರಪೊರೆ ಎಲ್ಲೆಡೆ ಹೊಳೆಯುತ್ತಿದೆ) ಎಂದು ಬರೆದು, ಕೆಳಗೆ ‘ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್’ (ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಿ) ಎಂಬ ಸರ್ವರೋಗ ನಿವಾರಣಿ ಸಾಲು ಹಾಕಿ ಕೈ ತೊಳೆದುಕೊಂಡಿರುತ್ತಾರೆ. ಕೆಲಸಕ್ಕೆ ಬರುವ ರಿಪೋರ್ಟಿನಲ್ಲಿ ಪೊರೆ ಎಲ್ಲೆಲ್ಲಿ ದಪ್ಪ, ಎಷ್ಟು ಮಿ.ಮೀ., ನುಣುಪೋ ಗಂಟುಗಂಟೋ, ಅಶುದ್ಧರಕ್ತನಾಳ ತೆರೆದಿದೆಯೇ, ಯಾವ ನರದ ದಾರಿ ಮುಚ್ಚಿದೆ, ಕೆಳಗಿನ ಮಿದುಳಿಗೆ ಊತ ಬಂದಿದೆಯೇ, ಕಿವಿಯ ಹಿಂದಿನ ಎಲುಬು ಮತ್ತು ಮೂಗಿನ ಪಕ್ಕದ ಸೈನಸ್ ಹೇಗಿವೆ ಎಂದು ಇರುತ್ತದೆ. ಕೊನೆಯದನ್ನು ಸಕ್ಕರೆ ಕಾಯಿಲೆ ಇರುವವರು ಕಡೆಗಣಿಸುವಂತಿಲ್ಲ. ಕಿವಿ ಸೋರುವಿಕೆಯಿಂದ ಬುರುಡೆಯ ತಳದ ಎಲುಬಿಗೆ, ಅಲ್ಲಿಂದ ಡ್ಯೂರಾಗೆ ಸೋಂಕು ಹತ್ತುತ್ತದೆ. ಸೈನಸ್‌ನಿಂದ ಶಿಲೀಂಧ್ರ ಹತ್ತುತ್ತದೆ, 2021ರಲ್ಲಿ ಕಪ್ಪು ಶಿಲೀಂಧ್ರದ ಹಾವಳಿಯಲ್ಲಿ ಕರ್ನಾಟಕವೂ ಇದನ್ನು ಕಂಡಿದೆ. ಅಂಥವರಿಗೆ ಬರೀ ಉರಿಯೂತ ಎಂದುಕೊಂಡು ಸ್ಟೀರಾಯ್ಡ್ ಸುರಿದರೆ ಬೆಂಕಿಗೆ ತುಪ್ಪ.

ರಿಪೋರ್ಟಿನಲ್ಲಿ ‘ನುಣುಪು’ ಎಂಬ ಮಾತಿಗೆ ಇನ್ನೊಂದು ಬೆಲೆ ಇದೆ. ಬೆನ್ನುಹುರಿಯ ನೀರು ಎಲ್ಲೋ ಸೋರಿ ತಲೆಯೊಳಗಿನ ಒತ್ತಡ ಇಳಿದವರಲ್ಲೂ ಡ್ಯೂರಾ ಸುತ್ತಲೂ ಹೊಳೆಯುತ್ತದೆ. ಅಲ್ಲಿ ಉರಿಯೂತವೇ ಇಲ್ಲ. ಹೊಳಪು ಎಲ್ಲ ಕಡೆ ಸಮ, ಮಿದುಳು ಕೆಳಗೆ ಜಗ್ಗಿದಂತೆ, ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಉಬ್ಬಿದಂತೆ ಕಾಣುತ್ತದೆ. ಎದ್ದು ಕೂತರೆ ತಲೆನೋವು, ಮಲಗಿದರೆ ಸಮಾಧಾನ. ಅದಕ್ಕೆ ಮದ್ದು ಸೋರಿಕೆ ಮುಚ್ಚುವುದು, ಉರಿಯೂತದ ಗುಳಿಗೆಯಲ್ಲ. ಆದ್ದರಿಂದ ತಲೆನೋವು ಮಲಗಿದಾಗ ಏನಾಗುತ್ತದೆ ಎಂಬ ಒಂದು ಸಾಲನ್ನು ಫಾರ್ಮಿನಲ್ಲಿ ಬರೆಸಿದರೆ ರೇಡಿಯಾಲಜಿಸ್ಟ್ ಅರ್ಧ ದಾರಿ ಮುಂದೆ.

ಅಂಕ ಕೊಡುವುದಾದರೆ: ಪೊರೆ ದಪ್ಪಗಾಗಿದೆಯೇ ಎಂದು ಹೇಳುವುದಕ್ಕೆ 5ಕ್ಕೆ 5. ಯಾಕೆ ದಪ್ಪಗಾಯಿತು ಎಂದು ಹೇಳುವುದಕ್ಕೆ 5ಕ್ಕೆ 2, ಅದೂ ಧಾರಾಳವಾಗಿ. ಕ್ಷಯ, ಐಜಿಜಿ4 ಕಾಯಿಲೆ, ಆಂಕಾ ವ್ಯಾಸ್ಕುಲೈಟಿಸ್, ಸಾರ್ಕಾಯ್ಡ್ (ಈ ಕೊನೆಯ ಮೂರು ದೇಹದ ರೋಗನಿರೋಧಕ ಶಕ್ತಿ ಕೆರಳಿ ಬರುವ ಉರಿಯೂತಗಳು), ಸಿಫಿಲಿಸ್, ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಹಬ್ಬಿದ್ದು, ಹಾಸಿಕೊಂಡು ಬೆಳೆಯುವ ಮೆನಿಂಜಿಯೋಮಾ ಗೆಡ್ಡೆ, ಎಲ್ಲವೂ ಫಿಲ್ಮಿನಲ್ಲಿ ಒಂದೇ ತರಹ ವೇಷ ಹಾಕಬಲ್ಲವು. ಇಎಸ್‌ಆರ್, ಆಂಕಾ, ಐಜಿಜಿ4, ವಿಡಿಆರ್‌ಎಲ್, ಎಚ್‌ಐವಿ, ಈ ರಕ್ತಪರೀಕ್ಷೆಗಳು, ಎದೆಯ ಸಿಟಿ, ಬೆನ್ನಿನ ನೀರು ಇವೆಲ್ಲ ಸ್ಕ್ಯಾನಿನ ಬೆನ್ನಿಗೇ ಬರಬೇಕು. ರಕ್ತದ ಐಜಿಜಿ4 ಸರಿ ಇದೆ ಎಂದು ಆ ಬಾಗಿಲು ಮುಚ್ಚಬಾರದು. ಕಾಯಿಲೆ ಪೊರೆಯಲ್ಲಷ್ಟೇ ಇದ್ದಾಗ ರಕ್ತದಲ್ಲಿ ಏರದೆ ಇರುವುದುಂಟು. ಬೆನ್ನಿನ ನೀರಿನ ಕ್ಷಯ ಪರೀಕ್ಷೆಗೆ ಹನಿ ಲೆಕ್ಕದಲ್ಲಿ ಕಳಿಸಿದರೆ ಪ್ರಯೋಜನವಿಲ್ಲ, 6 ಎಂಎಲ್ ಅಥವಾ ಹೆಚ್ಚು ಬೇಕು. ಆಗಲೂ ನೆಗೆಟಿವ್ ಬಂದ ಮಾತ್ರಕ್ಕೆ ಕ್ಷಯ ಇಲ್ಲವೆನ್ನಲಾಗದು, ರೋಗ ಇರುವುದು ಪೊರೆಯ ಮಾಂಸದಲ್ಲಿ. ಕೊನೆಯ ತೀರ್ಪು ಬಯಾಪ್ಸಿಯದೇ. ಪೊರೆಯ ಯಾವ ಜಾಗದಿಂದ ತುಂಡು ತೆಗೆದರೆ ಸುರಕ್ಷಿತ, ಎಲ್ಲಿ ಹೊಳಪು ಹೆಚ್ಚು ಎಂದು ನ್ಯೂರೋಸರ್ಜನ್‌ಗೆ ತೋರಿಸಿಕೊಡುವ ನಕ್ಷೆ ಮಾತ್ರ ಇದೇ ಸ್ಕ್ಯಾನ್.

ಮದ್ದು ಶುರುವಾದ ಮೇಲಿನ ಸ್ಕ್ಯಾನುಗಳ ಬಗ್ಗೆ. ಉರಿಯೂತದ್ದೇ ಎಂದು ಖಚಿತವಾದವರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಸಾಮಾನ್ಯವಾಗಿ ಕಿಲೋಗೆ 1 ಮಿ.ಗ್ರಾಂ. ಲೆಕ್ಕದಲ್ಲಿ ಶುರುವಾಗಿ ತಿಂಗಳುಗಟ್ಟಲೆ ಇಳಿಯುತ್ತದೆ. ಇಳಿಸುವಾಗ ತಲೆನೋವು ಮರಳುವವರು ಬಹಳ, ಅವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಿಯೋಪ್ರಿನ್, ಮೆಥೋಟ್ರೆಕ್ಸೇಟ್ ಅಥವಾ ರಿಟುಕ್ಸಿಮ್ಯಾಬ್ ಜೊತೆಯಾಗುತ್ತದೆ. ಮೂರು ತಿಂಗಳಿಗೆ ಒಂದು ಸ್ಕ್ಯಾನ್, ಆಮೇಲೆ ಆರು ತಿಂಗಳಿಗೆ ಎಂಬುದು ಬಳಕೆಯಲ್ಲಿರುವ ಅಂತರ. ತಲೆನೋವು ವಾರದೊಳಗೆ ಇಳಿದರೂ ಪೊರೆ ಅಷ್ಟು ಬೇಗ ಇಳಿಯುವುದಿಲ್ಲ, ಸ್ವಲ್ಪ ಹೊಳಪು ವರ್ಷಗಟ್ಟಲೆ ಉಳಿಯಬಹುದು. ಆರಾಮಾಗಿ ಓಡಾಡುವ ರೋಗಿಗೆ ಫಿಲ್ಮಿನ ಹೊಳಪೊಂದನ್ನೇ ನೋಡಿ ಗುಳಿಗೆ ಏರಿಸುವುದು ಸರಿಯಲ್ಲ.

ಹೋಲಿಕೆ ಸರಿಯಾಗಬೇಕಾದರೆ ಅದೇ ಯಂತ್ರ, ಅದೇ ಹೋಳಿನ ದಪ್ಪ, ಅದೇ ಕಾಂಟ್ರಾಸ್ಟ್ ಔಷಧ. ಫಿಲ್ಮ್ ಸಾಲದು, ಎಲ್ಲ ಚಿತ್ರಗಳಿರುವ ಡೈಕಾಮ್ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆದು, ಕೌಂಟರ್ ಬಿಡುವ ಮುಂಚೆ ಅಲ್ಲೇ ತೆರೆಸಿ ನೋಡಿ. ಖಾಲಿ ಸಿಡಿ, ಬೇರೆಯವರ ಹೆಸರಿನ ಸಿಡಿ ಕೈಗೆ ಬರುವುದು ಅಪರೂಪವಲ್ಲ. ಮುಂದಿನ ಸಲ ಹೋಗುವಾಗ ಹಳೆಯ ರಿಪೋರ್ಟಿನಲ್ಲಿ ಟೆಂಟೋರಿಯಂ ಎಷ್ಟು ಮಿ.ಮೀ. ಎಂದು ಬರೆದ ಸಾಲಿಗೆ ಪೆನ್ನಿನಿಂದ ಗೀಟು ಎಳೆದು ಫಾರ್ಮಿಗೆ ಪಿನ್ ಮಾಡಿ ಕೊಡಿ, ಅದೇ ಜಾಗದಲ್ಲಿ ಮತ್ತೆ ಅಳೆಯುತ್ತಾರೆ. ಆ ಪಿನ್ ಮಾತ್ರ ಕೌಂಟರಿನಲ್ಲೇ ಇರಲಿ.